ಗೆಳೆಯನಿಗೊಂದು ಪತ್ರ: ರಿಮೋಟ್ ಹಿಡಿದ ಹುಡುಗ ಪತ್ತೇದಾರ

ಪ್ರೀತಿಯ ಮಂಜು,

ಕೋಬೆಯಿಂದ ನೀನು ಕಳಿಸಿದ ಫೋಟೊ ನೋಡಿ ಖುಷಿಯಾಯಿತು. ನಾಗತಾದ ಪಾರ್ಕಿನಲ್ಲಿ ಕಾಲು ಅಗಲಿಸಿ, ಮುಷ್ಟಿ ಚಾಚಿ ನಿಂತಿದೆಯಲ್ಲ, ಅದು ಯಾರು ಅಂತ ಕೇಳಿದ್ದೀಯ. ಅದು ತೆತ್ಸುಜಿನ್ 28, ಅಂದರೆ 28ನೇ ನಂಬರಿನ ಉಕ್ಕಿನ ಮನುಷ್ಯ; ಒಂದು ಹಳೇ ಜಪಾನಿ ಚಿತ್ರಕತೆಯ (ಮಾಂಗಾ) ರೋಬೋ. 1995ರ ಭೂಕಂಪದಲ್ಲಿ ನೆಲಕಚ್ಚಿದ ಆ ಬಡಾವಣೆಗೆ ಮತ್ತೆ ಕಳೆ ಬರಲಿ ಅಂತ 2009ರಲ್ಲಿ ನಿಲ್ಲಿಸಿದ್ದು. ಆದರೆ ಕತೆಯ ನಾಯಕ ಬೇರೆ ಇದ್ದಾನೆ ಕಣೋ. ಅವನು ಇನ್ನೂ ಚಡ್ಡಿ ಹಾಕುವ ವಯಸ್ಸಿನ ಒಬ್ಬ ಪತ್ತೇದಾರ!

ಹೆಸರು ಶೋತಾರೊ ಕನೆದಾ. ಕೆಳಗೆ ಚಡ್ಡಿ, ಮೇಲೆ ಕೋಟು, ಕತ್ತಿಗೆ ಟೈ. ಕಾರು ಓಡಿಸುತ್ತಾನೆ, ಪಿಸ್ತೂಲು ಹಿಡಿಯುತ್ತಾನೆ. ಪೊಲೀಸ್ ಅಧಿಕಾರಿ ಓತ್ಸುಕಾ ಅವನನ್ನು ಸರಿಸಮನಾಗಿ ಕೂರಿಸಿಕೊಂಡು ಕೇಸಿನ ವಿಷಯ ಮಾತಾಡುತ್ತಾರೆ. ಇಷ್ಟು ಚಿಕ್ಕವನಿಗೆ ಇದೆಲ್ಲ ಹೇಗೆ ಅಂತ ಆ ಕಾಲದ ಓದುಗರು ತಲೆ ಕೆಡಿಸಿಕೊಂಡಿರಲಾರರು. ಅಂಥ ಹುಡುಗ ಅವರಿಗೆ ಆಗಲೇ ಪರಿಚಯ. ಪತ್ತೇದಾರಿ ಕತೆಗಾರ ಎದೊಗಾವಾ ರಾಂಪೊ 1936ರಿಂದಲೇ ಹುಡುಗರ ಪತ್ರಿಕೆಯಲ್ಲಿ ಕೊಬಯಾಶಿ ಎಂಬ ಬಾಲ ಪತ್ತೇದಾರನ ಕತೆ ಬರೆದಿದ್ದರು. ಯುದ್ಧ ಮುಗಿದ ಮೇಲೆ, 1949ರಲ್ಲಿ, ಅವರ ಧಾರಾವಾಹಿ ‘ಶೋನೆನ್’ ಎಂಬ ಮಾಸಪತ್ರಿಕೆಗೆ ಬಂತು. ಅದರಲ್ಲಿ ಗಡಿಯಾರ ಕದಿಯುವ ಒಬ್ಬ ಕಂಚಿನ ದೈತ್ಯ ಇದ್ದ. ಏಳು ವರ್ಷದ ನಂತರ ಅದೇ ಪತ್ರಿಕೆಯಲ್ಲಿ ಉಕ್ಕಿನ ದೈತ್ಯ ಬಂದ. ಅದಕ್ಕೇ ನಾನು ಇದನ್ನು ರೋಬೋ ಕತೆ ಅನ್ನೋದಕ್ಕಿಂತ ಪತ್ತೇದಾರಿ ಕತೆ ಅಂತಲೇ ಓದುತ್ತೇನೆ.

ಬರೆದವರು ಮಿತ್ಸುತೆರು ಯೊಕೊಯಾಮಾ. 1934ರಲ್ಲಿ ನೀನಿರುವ ಕೋಬೆಯಲ್ಲೇ ಹುಟ್ಟಿದವರು. ಯುದ್ಧದಲ್ಲಿ ಅಮೆರಿಕದ ಬಿ-29 ಬಾಂಬರ್ ವಿಮಾನಗಳು ಆ ಊರನ್ನು ಸುಟ್ಟಾಗ ಅವರಿನ್ನೂ ಹುಡುಗ. ಆ ವಿಮಾನಗಳ ನೆನಪಿನಿಂದಲೂ ಈ ಕತೆ ಹುಟ್ಟಿತು ಅಂತ ಮುಂದೆ ಹೇಳಿಕೊಂಡರು. ಕತೆಯಲ್ಲಿ ಈ ರೋಬೋ ಯುದ್ಧದ ಕೊನೆಗಾಲದಲ್ಲಿ ಜಪಾನ್ ಸೈನ್ಯ ಗುಟ್ಟಾಗಿ ಮಾಡಿಸುತ್ತಿದ್ದ ಆಯುಧ. ಯುದ್ಧ ಮುಗಿಯಿತು, ಆಯುಧ ಉಳಿಯಿತು. ಈಗ ಅದು ಯಾರ ಪಾಲು?

ನನಗೆ ತುಂಬಾ ಹಿಡಿಸಿದ್ದು ಇಲ್ಲೇ. ತೆತ್ಸುಜಿನ್‌ಗೆ ಸ್ವಂತ ಬುದ್ಧಿ ಇಲ್ಲ, ಮಾತಿಲ್ಲ. ಒಂದು ಸಣ್ಣ ರಿಮೋಟ್ ಪೆಟ್ಟಿಗೆ ಯಾರ ಕೈಲಿರುತ್ತೋ ಅವರು ಹೇಳಿದಂತೆ ಕೇಳುತ್ತದೆ. ಶೋತಾರೊ ಕೈಲಿದ್ದರೆ ಊರು ಕಾಯುತ್ತದೆ. ಕಳ್ಳರ ಗುಂಪಿನ ಕೈಗೆ ಸಿಕ್ಕಿತೋ, ಅದೇ ಮುಷ್ಟಿ ಊರಿನ ಮೇಲೆ ಬೀಳುತ್ತದೆ. ಹಾಗಾಗಿ ಕತೆಯ ನಿಜವಾದ ಜಗಳವೆಲ್ಲ ಆ ಪೆಟ್ಟಿಗೆಗಾಗಿ. ಕದಿಯೋದು, ಬಚ್ಚಿಡೋದು, ಬೆನ್ನಟ್ಟೋದು. ಅಷ್ಟು ದೊಡ್ಡ ಯಂತ್ರ ಸುಮ್ನೆ ನಿಂತಿರುತ್ತದೆ, ಓಡಾಡೋದು ಹುಡುಗ. ಅದೇ ಪತ್ರಿಕೆಯಲ್ಲಿ ಅದೇ ಸಮಯಕ್ಕೆ ಒಸಾಮು ತೆಜುಕಾ ಅವರ ರೋಬೋ ಹುಡುಗ ಆಟಮ್ ಕೂಡ ಬರುತ್ತಿದ್ದ. ಅವನಿಗೆ ಮನಸ್ಸಿತ್ತು, ಅಳು ಬರುತ್ತಿತ್ತು. ಒಂದೇ ಸಂಚಿಕೆಯಲ್ಲಿ ಇಬ್ಬರನ್ನೂ ಓದಿದ ಮಕ್ಕಳು ಪುಣ್ಯವಂತರು ಅಲ್ವಾ!

ಶೋತಾರೊ ಕತೆ ಜುಲೈ 1956ರ ಸಂಚಿಕೆಯಿಂದ ಮೇ 1966ರವರೆಗೆ ನಡೆಯಿತು. ಪತ್ರಿಕೆಯ ಜೊತೆ ಕಾಗದದಲ್ಲಿ ಮಡಚಿ ಜೋಡಿಸುವ ಆಟಿಕೆ ಬರುತ್ತಿತ್ತು. ಚಿಕ್ಕ ಚಿಕ್ಕ ಪುರವಣಿ ಪುಸ್ತಕಗಳೂ ಬರುತ್ತಿದ್ದವು. ಕತೆ ದೊಡ್ಡ ಪತ್ರಿಕೆಯಲ್ಲಿ ಶುರುವಾಗಿ, ಒಳ್ಳೇ ಘಟ್ಟದಲ್ಲಿ ನಿಂತು, ಮುಂದಿನದನ್ನು ಪುರವಣಿಯಲ್ಲಿ ಓದಿ ಅನ್ನುತ್ತಿತ್ತು. ಹುಡುಗರು ಅದನ್ನು ಕೆಳಗಿಟ್ಟು ಇದನ್ನು ಎತ್ತಿಕೊಳ್ಳಬೇಕು. ಪುರವಣಿಯ ಕೊನೆ ಪುಟದಲ್ಲಿ ಮತ್ತೊಂದು ಆಪತ್ತು. ಆಮೇಲೆ ಪೂರ್ತಿ ಒಂದು ತಿಂಗಳು ಕಾಯಬೇಕು. ಪೆಟ್ಟಿಗೆ ಅಷ್ಟು ಸಲ ಕೈ ಬದಲಾಯಿಸೋದಕ್ಕೆ ಈ ಕಾಯುವಿಕೆಯೂ ಒಂದು ಕಾರಣ ಅಂತ ನನಗನಿಸುತ್ತದೆ.

1959ರಲ್ಲಿ ಹುಡುಗರ ವಾರಪತ್ರಿಕೆಗಳು ಬಂದವು. 1963ರಲ್ಲಿ ಆಟಮ್, ತೆತ್ಸುಜಿನ್ ಇಬ್ಬರೂ ಟಿವಿಗೇ ಹೋದರು. ವಾರ ವಾರ ಕತೆ ಸಿಗುವಾಗ ತಿಂಗಳುಗಟ್ಟಲೆ ಕಾಯೋರು ಯಾರು? 1968ರಲ್ಲಿ ‘ಶೋನೆನ್’ ನಿಂತೇಹೋಯಿತು. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ಶೋತಾರೊ ಕತೆ ಮುಂದೆ ಪುಸ್ತಕವಾಗಿ ಬಂದಾಗ ಕೆಲವು ಭಾಗ ಬಿಟ್ಟುಹೋದವು, ಕೆಲವು ಬದಲಾದವು. 2005ರಿಂದ ಒಂದು ಪ್ರಕಾಶನ ಪತ್ರಿಕೆಯಲ್ಲಿದ್ದ ರೂಪವನ್ನೇ ಹುಡುಕಿ ಸೇರಿಸಿ 24 ಸಂಪುಟ ತಂದಿದೆ. ನೀನು ಓದೋದಾದರೆ ಅದನ್ನೇ ಓದು.

ಇನ್ನೊಂದು ಕೆಲಸ. ಟೋಕಿಯೊಗೆ ಹೋದಾಗ ಜಿಂಬೊಚೊದ ಹಳೇ ಪುಸ್ತಕದ ಅಂಗಡಿಗಳಲ್ಲಿ ‘ಶೋನೆನ್’ನ ಪುರವಣಿ ಇದೆಯಾ ಅಂತ ಕೇಳು. ಬೆಲೆ ಜಾಸ್ತಿ ಇರಬಹುದು, ಕೊಳ್ಳೋದೇನೂ ಬೇಡ. ಅಂಗಡಿಯವರು ಒಪ್ಪಿದರೆ ಮೊದಲ ಪುಟ, ಕೊನೆ ಪುಟ ಎರಡನ್ನೂ ಫೋಟೊ ತೆಗೆದು ಕಳಿಸು. ಕತೆ ಎಲ್ಲಿಂದ ಎತ್ತಿಕೊಂಡು ಎಲ್ಲಿ ನಿಲ್ಲಿಸಿದ್ದಾರೆ ಅಂತ ನೋಡಬೇಕು.

ನಿನ್ನ,
ಶ್ರೀಧರ