ಮಳೆಗೆ ಏನೂ ಆಗಲ್ಲ ಅಂತ ಮಾರಿದ ಹೆಲ್ಮೆಟ್ ಹೆಡ್‌ಸೆಟ್ ಮೊದಲ ಮಳೆಗಾಲಕ್ಕೇ ಕೈಕೊಟ್ಟಿದೆ

ಗ್ರಾಹಕ ಸೇವೆಯವರಿಗೆ ನಮಸ್ಕಾರ.

ನಾನು ಗದಗಿನವನು, ಹನ್ನೊಂದು ವರ್ಷದಿಂದ ಪುಣೆಯ ವಾರ್ಜೆಯಲ್ಲಿದ್ದೇನೆ. ನಿಮ್ಮ ಕಂಪನಿ ಬೆಂಗಳೂರಿನದು, ಫೋನಿನಲ್ಲೂ ನಿಮ್ಮವರು ಕನ್ನಡದಲ್ಲೇ ಮಾತಾಡಿದರು, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಾರ್ಚ್‌ನಲ್ಲಿ ನಿಮ್ಮ ಬ್ಲೂಟೂತ್ ಹೆಲ್ಮೆಟ್ ಹೆಡ್‌ಸೆಟ್ ಜೋಡಿಯನ್ನು 11,500 ರೂಪಾಯಿ ಕೊಟ್ಟು ತಗೊಂಡೆ. ಒಂದು ನನಗೆ, ಇನ್ನೊಂದು ಹಿಂದೆ ಕೂರುವ ನನ್ನ ಹೆಂಡತಿಗೆ. ಜುಲೈನಲ್ಲಿ ನನ್ನದು ಕೆಟ್ಟಿತು. ರಿಪೇರಿಗೆ ಕಳಿಸಿದರೆ 19 ದಿನ ಇಟ್ಟುಕೊಂಡು, "ಒಳಗೆ ನೀರು ಹೋಗಿದೆ, ವಾರಂಟಿ ಬರಲ್ಲ, 3,200 ರೂಪಾಯಿ ಕೊಟ್ಟರೆ ಸರಿ ಮಾಡುತ್ತೇವೆ" ಅಂತ ಚೀಟಿ ಹಾಕಿ ವಾಪಸ್ ಕಳಿಸಿದ್ದೀರಿ. ಇದನ್ನು ನಾನು ಒಪ್ಪಲ್ಲ.

ವರ್ಷಕ್ಕೆ ನಾಲ್ಕೈದು ಸಲ ನಾವಿಬ್ಬರೂ ಬೈಕಿನಲ್ಲೇ ಬೆಳಗಾವಿಗೆ, ಅವಳ ತವರಿಗೆ ಹೋಗುತ್ತೇವೆ. ಹತ್ತಿರ ಹತ್ತಿರ 340 ಕಿಲೋಮೀಟರ್. ಮುಂಚೆ ಅವಳಿಗೆ ಏನಾದರೂ ಹೇಳಬೇಕೆಂದರೆ ನನ್ನ ಬೆನ್ನು ತಟ್ಟಬೇಕಿತ್ತು, ಆ ಗಾಳಿಯಲ್ಲಿ ಏನೂ ಕೇಳದೆ ನಾನು ಹಿಂದೆ ತಿರುಗಬೇಕಿತ್ತು, ಹೈವೇಯಲ್ಲಿ ಎಂಬತ್ತರ ಸ್ಪೀಡಿನಲ್ಲಿ ಹಾಗೆ ತಿರುಗೋದು ಎಷ್ಟು ಅಪಾಯ ಅಂತ ನಿಮಗೆ ಹೇಳಬೇಕಿಲ್ಲ. ಹೆಡ್‌ಸೆಟ್ ಬಂದಮೇಲೆ "ರೀ, ಕಾಲು ಜೋಮು ಹಿಡದಾವ, ಎಲ್ಲೆರ ನಿಂದ್ರಸ್ರಿ" ಅಂತ ಅವಳು ಮೆಲ್ಲಗೆ ಅಂದರೂ ಕೇಳುತ್ತಿತ್ತು. ನಾವು ಅದರಲ್ಲಿ ಹಾಡು ಹಾಕೋದಿಲ್ಲ, ಹಿಂದಿನವರ ಹಾರ್ನ್ ಕೇಳಬೇಕಲ್ವಾ. ಬರೀ ಮಾತಿಗೆ ಅಂತಲೇ ಇಷ್ಟು ದುಡ್ಡು ಕೊಟ್ಟಿದ್ದು.

ಜುಲೈ ಎರಡನೇ ವಾರ ಬೆಳಗಾವಿ ದಾರಿಯಲ್ಲಿ, ಸಾತಾರಾಕ್ಕಿಂತ ಮುಂಚೆ ಸಿಗುವ ಖಂಬಾಟ್ಕಿ ಘಾಟ್ ಹತ್ತುವಾಗ ಜೋರು ಮಳೆ. ಎಡಗಡೆ ಲಾರಿಗಳು ಮೊದಲ ಗೇರಿನಲ್ಲಿ ಏರುತ್ತಿದ್ದವು. ಇದ್ದಕ್ಕಿದ್ದಂತೆ ವಾಲ್ಯೂಮ್ ತಾನಾಗೇ ಪೂರ್ತಿ ಏರಿ, ಕಿವಿಯೊಳಗೆ ಕಿರ್ರ್ ಅಂತ ಶುರುವಾಯಿತು. ಸ್ಪೀಕರ್ ಕಿವಿಗೆ ತಾಗಿಕೊಂಡೇ ಇರುತ್ತದೆ, ಹೆಲ್ಮೆಟ್ ತೆಗೆಯೋ ಹಾಗಿಲ್ಲ, ಗ್ಲೌಸ್ ಹಾಕಿದ ಕೈಯಲ್ಲಿ ಬಟನ್ ಒತ್ತಿದರೂ ಆಫ್ ಆಗಲಿಲ್ಲ. ತಲೆ ಸುತ್ತಿದಂತಾಗಿ ಬೈಕ್ ಒಂದು ಸಲ ಬಲಕ್ಕೆ ವಾಲಿತು. ಅವಳು ಎರಡೂ ಕೈಯಿಂದ ನನ್ನ ಭುಜ ಗಟ್ಟಿಯಾಗಿ ಹಿಡಿದದ್ದು ಇವತ್ತಿಗೂ ನೆನಪಿದೆ. ಘಾಟ್ ಇಳಿದು ಸುರೂರ್ ಹತ್ತಿರ ಒಂದು ಚಹಾದಂಗಡಿ ಮುಂದೆ ನಿಲ್ಲಿಸಿ ನೋಡಿದೆ. ಚಾರ್ಜಿಂಗ್ ಜಾಗದ ರಬ್ಬರ್ ಮುಚ್ಚಳ ಮುಚ್ಚಿಯೇ ಇತ್ತು. ಬೆರಳಿಂದ ಒತ್ತಿದರೆ ಕೆಳಗಿನ ಮೂಲೆಯಿಂದ ನೀರು ಜಿನುಗಿತು.

ಮನೆಗೆ ಬಂದು ಅವಳ ಸೆಟ್ಟನ್ನೂ ನೋಡಿದೆ. ಅದಿನ್ನೂ ಸರಿಯಾಗಿ ಕೆಲಸ ಮಾಡುತ್ತಿದೆ, ಆದರೆ ಮುಚ್ಚಳದ ಅದೇ ಮೂಲೆ ಅದರಲ್ಲೂ ಎದ್ದಿದೆ. ಬಸ್ ಟಿಕೆಟಿನ ಅಂಚು ಆರಾಮಾಗಿ ಒಳಗೆ ತೂರುತ್ತದೆ. ಎರಡರಲ್ಲೂ ಒಂದೇ ಜಾಗದಲ್ಲಿ ಹೀಗಾದರೆ ಅದು ನಾನು ಬಳಸಿದ ರೀತಿಯ ತಪ್ಪಲ್ಲ, ನೀವು ಮಾಡಿದ ರೀತಿಯ ತಪ್ಪು. ಎರಡರ ಫೋಟೋನೂ ಜೊತೆಗಿಟ್ಟಿದ್ದೇನೆ.

ಡಬ್ಬಿ ಮೇಲೆ ಐಪಿ67 ಅಂತ ದಪ್ಪ ಅಕ್ಷರದಲ್ಲಿದೆ. ಅದರಲ್ಲಿ 6 ಅಂದರೆ ಧೂಳು ಒಳಗೆ ಹೋಗಬಾರದು, 7 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಿಟ್ಟರೂ ಹಾಳಾಗಬಾರದು. ನಿಮ್ಮ ಹುಡುಗನನ್ನು ಕೇಳಿದರೆ, "ಸರ್, ಓಡುವ ಬೈಕಿಗೆ ಮಳೆ ರಭಸವಾಗಿ ಹೊಡೆಯುತ್ತೆ, ಅದು ಬೇರೆ" ಅಂದ. ಸರಿ, ರಭಸದ ನೀರಿಗೆ ಬೇರೆ ಪರೀಕ್ಷೆ ಇದೆ, ಅದಕ್ಕೆ ಈ 7 ಇರುವ ಜಾಗದಲ್ಲಿ 5 ಅಥವಾ 6 ಅಂತ ಬರುತ್ತದೆ. ಹಾಗಾದರೆ ಓಡುವ ಬೈಕಿನಲ್ಲಿ, ಹೆಲ್ಮೆಟ್ಟಿಗೆ ಅಂಟಿಸಿಕೊಳ್ಳುವ ವಸ್ತುವಿಗೆ ನೀವು ಯಾವ ಪರೀಕ್ಷೆ ಮಾಡಬೇಕಿತ್ತು? ಡಬ್ಬಿ ಮೇಲೆ ಮಳೆಯಲ್ಲಿ ಬೈಕ್ ಓಡಿಸುವವನ ಚಿತ್ರ ಹಾಕಿದವರು ನೀವೇ ಅಲ್ವಾ? ಅದನ್ನು ನಂಬಿ ತಗೊಂಡವನಿಗೆ ಈಗ ನೀರು ತಾಗಿಸಿದ್ದೇ ನಿನ್ನ ತಪ್ಪು ಅನ್ನೋದು ನ್ಯಾಯವಲ್ಲ.

ಇನ್ನೊಂದು ವಿಷಯ. ವಾಪಸ್ ಬಂದ ಡಬ್ಬಿಯಲ್ಲಿ ಹೆಲ್ಮೆಟ್ಟಿಗೆ ಸಿಕ್ಕಿಸುವ ಕ್ಲಾಂಪ್ ಇರಲಿಲ್ಲ. ಕಳಿಸುವಾಗ ಇತ್ತು, ಪ್ಯಾಕ್ ಮಾಡುವಾಗ ತೆಗೆದ ವಿಡಿಯೋ ನನ್ನ ಹತ್ತಿರ ಇದೆ.

ನನಗೆ ಬೇಕಾಗಿದ್ದು ಇಷ್ಟೇ. ಕೆಟ್ಟಿದ್ದನ್ನು ಬದಲಾಯಿಸಿ ಹೊಸದು ಕೊಡಿ, ಇಲ್ಲವೇ ಜೋಡಿಯ ದುಡ್ಡು ಪೂರ್ತಿ ವಾಪಸ್ ಮಾಡಿ. ಒಂದೇ ಸೆಟ್ ಇಟ್ಟುಕೊಂಡು ನಾವಿಬ್ಬರೂ ಮಾತಾಡೋದು ಹೇಗೆ? ಆ ಮುಚ್ಚಳ ಸರಿಯಾಗುವ ತನಕ ಈ ಮಾಡೆಲ್ ತಗೊಂಡ ಎಲ್ಲರಿಗೂ ಜೋರು ಮಳೆಯಲ್ಲಿ ಬಳಸಬೇಡಿ ಅಂತ ಮೆಸೇಜ್ ಕಳಿಸಿ. ನನ್ನ ದುಡ್ಡಿಗಿಂತ ಇದು ದೊಡ್ಡದು, ಘಾಟಿನಲ್ಲಿ ಇನ್ನೊಬ್ಬರ ಕಿವಿಯಲ್ಲಿ ಹೀಗೆ ಕಿರುಚಿದರೆ ಅವರಿಗೂ ನನ್ನ ಹಾಗೆ ಬಲಗಡೆ ಜಾಗ ಸಿಗುತ್ತೆ ಅಂತ ಇಲ್ಲ.

15 ದಿನದಲ್ಲಿ ಉತ್ತರ ಬರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ ಪುಣೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆ ಪ್ರಕಾರ ನಾನಿರುವ ಊರಲ್ಲೇ ಕೇಸ್ ಹಾಕಬಹುದು, ಅದಕ್ಕಾಗಿ ಬೆಂಗಳೂರಿಗೆ ಬರಬೇಕಿಲ್ಲ.

ಗಣಪತಿ ಹಬ್ಬಕ್ಕೆ ಮತ್ತೆ ಬೆಳಗಾವಿಗೆ ಹೊರಡಬೇಕು. ಅಷ್ಟರೊಳಗೆ ಕ್ಲಾಂಪ್ ಆದರೂ ಕಳಿಸಿ.

ಇಂತಿ,
ವಾರ್ಜೆಯ ನಿಮ್ಮ ಗ್ರಾಹಕ
(ಬಿಲ್ಲು, ವಾರಂಟಿ ಕಾರ್ಡು, ನಿಮ್ಮ ಚೀಟಿ, ಫೋಟೋಗಳು ಜೊತೆಗಿವೆ)