ಇನ್ನು ಮುಂದೆ ರಜೆ ದಿನ ಬರುವುದಿಲ್ಲ, ಮಗ್ಗ ಓಡುವಾಗ ಬರುತ್ತೇವೆ

ದೊಡ್ಡಬಳ್ಳಾಪುರ

ಮಾನ್ಯ ಗ್ರಾಹಕರೇ, ನಮಸ್ಕಾರ.

ನಿಮ್ಮ ಮಗ್ಗದ ಶೆಡ್ಡುಗಳಲ್ಲಿ ಬೆಂಕಿಯ ಸೈರನ್ ಹಾಕಿ ಅದನ್ನು ನೋಡಿಕೊಳ್ಳುತ್ತಿರುವ ನಾವು ಇಷ್ಟು ವರ್ಷ ಪರೀಕ್ಷೆಗೆ ರಜೆ ದಿನವೇ ಬರುತ್ತಿದ್ದೆವು. ಭಾನುವಾರ, ಇಲ್ಲವೇ ಹಬ್ಬಕ್ಕೆ ಮಗ್ಗ ನಿಂತ ದಿನ. ಕೆಲಸ ಕೆಡಬಾರದು ಎಂದು ನೀವು ಕೇಳಿದಿರಿ, ನಾವೂ ಒಪ್ಪಿಕೊಂಡೆವು. ಬರುವ ತಿಂಗಳ 1ನೇ ತಾರೀಕಿನಿಂದ ಇದು ಬದಲಾಗುತ್ತದೆ. ಇನ್ನು ಮೇಲೆ ಮಗ್ಗ ಓಡುತ್ತಿರುವಾಗಲೇ ಬರುತ್ತೇವೆ. ಒಂದೊಂದು ಭೇಟಿಗೂ ನಿಮ್ಮ ಕೆಲಸದಲ್ಲಿ ಸುಮಾರು ಕಾಲು ಗಂಟೆ ಹೋಗುತ್ತದೆ. ಕೂಲಿ, ಕರೆಂಟು, ಒಪ್ಪಿಕೊಂಡ ಸೀರೆಯ ಗಡುವು ಇವುಗಳ ನಡುವೆ ಕಾಲು ಗಂಟೆ ಸಣ್ಣದಲ್ಲ ಎಂದು ನಮಗೆ ಗೊತ್ತು. ಅದಕ್ಕೇ ಕಾರಣವನ್ನು ಪೂರ್ತಿ ಹೇಳುತ್ತಿದ್ದೇವೆ.

ಕಳೆದ ಬೇಸಿಗೆಯಲ್ಲಿ ನಮ್ಮ ಗ್ರಾಹಕರೊಬ್ಬರ 32 ಮಗ್ಗಗಳ ಶೆಡ್ಡಿನಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವ ಯಂತ್ರದ ಮೋಟಾರಿನ ವೈರು ಹೊತ್ತಿಕೊಂಡಿತು. ಅಲ್ಲೇ ಕೂತಿದ್ದ ಹೆಣ್ಣುಮಗಳು ಓಡಿಹೋಗಿ ಬಾಗಿಲ ಪಕ್ಕದ ಕೆಂಪು ಡಬ್ಬಿಯ ಗಾಜು ಒಡೆದಳು. ಸೈರನ್ ಕೂಗಿತು. ಮುಂದಿನ ಸಾಲಿನ ಆರೇಳು ಮಂದಿ ಹೊರಗೆ ಬಂದರು. ಹಿಂದಿನ ಸಾಲುಗಳಲ್ಲಿ ಮಗ್ಗ ಓಡುತ್ತಲೇ ಇತ್ತು. ಯಾರೂ ತಿರುಗಿಯೂ ನೋಡುತ್ತಿಲ್ಲ ಎಂದು ಕಂಡಾಗ ಆ ಹುಡುಗಿ ಮತ್ತೆ ಒಳಗೆ ಹೋಗಿ, ಒಬ್ಬೊಬ್ಬರ ಬೆನ್ನು ತಟ್ಟಿ ಹೊರಗೆ ಕಳಿಸಿದಳು. ಬೆಂಕಿ ಒಂದೆರಡು ಬಕೆಟ್ ಮರಳಿಗೆ ಆರಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಕೊನೆಯವರು ಬಾಗಿಲು ದಾಟುವ ಹೊತ್ತಿಗೆ ನಾಲ್ಕು ನಿಮಿಷ ಕಳೆದಿತ್ತು, ಶೆಡ್ಡಿನ ಮಾಡಿನ ಕೆಳಗೆ ಹೊಗೆ ತುಂಬಿತ್ತು.

ಮಾರನೆ ದಿನ ನಾವು ಹೋಗಿ ರಿಜಿಸ್ಟರ್ ತೆಗೆದು ನೋಡಿದೆವು. ಹಿಂದಿನ ವಾರದ ಭಾನುವಾರ ನಮ್ಮವರೇ ಬರೆದಿದ್ದರು: ‘ಸೈರನ್ ಪರೀಕ್ಷಿಸಿದೆ, ಸರಿ ಇದೆ.’ ಕೆಳಗೆ ನಮ್ಮ ಸಹಿ. ಬರೆದದ್ದು ಸುಳ್ಳಲ್ಲ. ಆ ದಿನ ಸೈರನ್ ಬೀದಿಯ ಕೊನೆಗೂ ಕೇಳಿಸಿತ್ತು. ಆದರೆ ಆ ದಿನ ಒಂದು ಮಗ್ಗವೂ ಓಡುತ್ತಿರಲಿಲ್ಲ. ನಾವು ಪರೀಕ್ಷೆ ಮಾಡಿದ್ದು ಖಾಲಿ ಶೆಡ್ಡನ್ನು. ಇದು ನಮ್ಮ ತಪ್ಪು. ಆ ಶೆಡ್ಡಿನ ಮಾಲೀಕರ ಮುಂದೆ, ಆ ಹೆಣ್ಣುಮಗಳ ಮುಂದೆ ಒಪ್ಪಿಕೊಂಡಿದ್ದೇವೆ. ನಿಮ್ಮೆಲ್ಲರ ಮುಂದೆಯೂ ಒಪ್ಪಿಕೊಳ್ಳುತ್ತೇವೆ.

ಆಮೇಲೆ ಒಂದು ಸೌಂಡ್ ಮೀಟರ್ ಕೊಂಡೆವು. ಅದನ್ನು ಸರಿಯಾಗಿದೆಯೇ ಎಂದು ನೋಡಲು 94 ಡೆಸಿಬೆಲ್ ಸದ್ದು ಹೊರಡಿಸುವ ಕ್ಯಾಲಿಬ್ರೇಟರನ್ನೂ ಕೊಂಡೆವು. ಮೊಬೈಲ್ ಆಪ್‌ನಲ್ಲಿ ಅಳೆದರೆ ಸಾಲದೇ ಎಂದು ಕೆಲವರು ಕೇಳಿದ್ದೀರಿ. ಸಾಲದು. ಮಾತಿಗಾಗಿ ಮಾಡಿದ ಫೋನಿನ ಮೈಕು ಇಷ್ಟು ದೊಡ್ಡ ಸದ್ದಿನಲ್ಲಿ ಸೋತುಹೋಗುತ್ತದೆ, ಒಂದೊಂದು ಫೋನು ಒಂದೊಂದು ಲೆಕ್ಕ ಕೊಡುತ್ತದೆ. ಮೀಟರು ಹಿಡಿದು ಅದೇ ಶೆಡ್ಡಿಗೆ ಹೋಗಿ, ಮಗ್ಗ ಪೂರ್ತಿ ಓಡುವಾಗ ನೇಕಾರರು ನಿಲ್ಲುವ ಜಾಗದಲ್ಲೇ ಕಿವಿಯ ಎತ್ತರಕ್ಕೆ ಹಿಡಿದು ಅಳೆದೆವು. 97 ಡೆಸಿಬೆಲ್. ಲಾಳಿ ಬಡಿಯುವ ಸದ್ದೇ ಅಷ್ಟು.

ಇಲ್ಲಿಂದ ಲೆಕ್ಕ ಸರಳ. ಬೆಂಕಿ ಎಚ್ಚರಿಕೆ ವ್ಯವಸ್ಥೆಗಳ ಬಗ್ಗೆ ನಮ್ಮ ದೇಶದ ಮಾನಕ ಐಎಸ್ 2189 ಹೇಳುವಂತೆ ಸೈರನ್ನಿನ ಸದ್ದು ಕನಿಷ್ಠ 65 ಡೆಸಿಬೆಲ್ ಇರಬೇಕು, ಅಥವಾ ಅಲ್ಲಿ ಸಾಮಾನ್ಯವಾಗಿ ಇರುವ ಗದ್ದಲಕ್ಕಿಂತ 5 ಡೆಸಿಬೆಲ್ ಮೇಲಿರಬೇಕು, ಎರಡರಲ್ಲಿ ಯಾವುದು ಹೆಚ್ಚೋ ಅದು. ಅಂದರೆ ಆ ನೇಕಾರರ ಕಿವಿಯಲ್ಲಿ 102 ಬೇಕು. ನಾವು ಹಾಕಿದ್ದ ಹೂಟರಿನ ಮೇಲೆ 110 ಎಂದು ಬರೆದಿದೆ. ಆದರೆ ಅದು ಒಂದು ಮೀಟರ್ ದೂರದ ಲೆಕ್ಕ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ: 2 ಮೀಟರಿಗೆ 104, 4 ಮೀಟರಿಗೆ 98, 8ಕ್ಕೆ 92, 16 ಮೀಟರಿಗೆ 86. ಗೋಡೆ, ಮಾಡಿನ ಪ್ರತಿಧ್ವನಿಯಿಂದ ಶೆಡ್ಡಿನೊಳಗೆ ಇಳಿತ ಸ್ವಲ್ಪ ಕಡಿಮೆ ಇರಬಹುದು. ಆದರೂ ಹಿಂದಿನ ಸಾಲಿಗೆ ತಲುಪುವ ಹೊತ್ತಿಗೆ ಸೈರನ್ನಿನ ಕೂಗು ಮಗ್ಗದ ಸದ್ದಿನ ಕೆಳಗೆ ಮುಳುಗಿಹೋಗುತ್ತದೆ.

‘ಹಾಗಾದರೆ ಇನ್ನೊಂದು ಹೂಟರ್ ಹಾಕಿಬಿಡಿ’ ಎಂದು ಬಹಳ ಮಂದಿ ಹೇಳುತ್ತೀರಿ. ಒಂದೇ ಥರದ ಎರಡು ಹೂಟರ್ ಒಟ್ಟಿಗೆ ಕೂಗಿದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಬೇರೆ ಬೇರೆ ಮೂಲೆಗೆ ಹಂಚಿ ಹಾಕಿದರೆ ಪ್ರಯೋಜನ ಉಂಟು, ಹಾಕುತ್ತೇವೆ. ಆದರೆ ಗದ್ದಲದ ಮೇಲೆ ಗದ್ದಲ ಪೇರಿಸುತ್ತ ಹೋಗುವುದಕ್ಕೂ ಒಂದು ಮಿತಿ ಇದೆ. 115, 120 ಮುಟ್ಟುವ ಸದ್ದು ಕಿವಿಗೆ ಪೆಟ್ಟು. ಕಾರ್ಖಾನೆ ನಿಯಮಗಳು ಎಂಟು ಗಂಟೆಯ ಕೆಲಸಕ್ಕೆ ಇಟ್ಟಿರುವ ಮಿತಿಯೇ 90 ಡೆಸಿಬೆಲ್. ನಿಮ್ಮ ನೇಕಾರರು ಈಗಾಗಲೇ ಅದರಾಚೆ ಇದ್ದಾರೆ. (ಇಯರ್ ಪ್ಲಗ್ ಕೊಡಿ ಎಂದು ಹಿಂದೆಯೂ ಹೇಳಿದ್ದೆವು, ಈಗಲೂ ಹೇಳುತ್ತೇವೆ. ಪ್ಲಗ್ ಹಾಕಿದರೆ ಸೈರನ್ ಕೇಳುವುದಿಲ್ಲ ಎಂಬ ಹೆದರಿಕೆಯಿಂದ ಯಾರೂ ಅದನ್ನು ಬಿಡಬೇಕಾಗಿಲ್ಲ. ದಾರಿ ಕೆಳಗೆ ಬರೆದಿದ್ದೇವೆ.)

ಇನ್ನೊಂದು ವಿಷಯವನ್ನು ಆ ಶೆಡ್ಡಿನ ಹಿರಿಯ ನೇಕಾರರೊಬ್ಬರಿಂದ ಕಲಿತೆವು. ಅವರ ಮಗ್ಗ ಹೂಟರಿನಿಂದ ಐದಾರು ಮೀಟರ್ ದೂರವಷ್ಟೇ. ಆ ದಿನ ಕೇಳಿಸಲಿಲ್ಲವೇ ಎಂದು ಕೇಳಿದ್ದಕ್ಕೆ ಅವರು, ‘ಅದು ಸೈರನ್ನಾ? ಯಾವ್ದೋ ಮಗ್ಗದ ಬೇರಿಂಗು ಹೋಗೈತೆ ಅಂದ್ಕೊಂಡೆ ಕಣಪ್ಪ’ ಅಂದರು. ಇಪ್ಪತ್ತು, ಮೂವತ್ತು ವರ್ಷ ಮಗ್ಗದ ನಡುವೆ ನಿಂತವರ ಕಿವಿ ಮೊದಲು ಕಳೆದುಕೊಳ್ಳುವುದು ಕೀಚಲು ಸ್ವರವನ್ನು, ಅದರಲ್ಲೂ 4000 ಹರ್ಟ್ಜ್ ಸುತ್ತಮುತ್ತಲಿನದನ್ನು. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಸಣ್ಣ ಹೂಟರುಗಳು ಕೂಗುವುದು 3000 ಹರ್ಟ್ಜ್ ಆಸುಪಾಸಿನಲ್ಲಿ. ನಮಗೆ ಕಿವಿ ಚುಚ್ಚುವಂತೆ ಕೇಳುವ ಸದ್ದು ಅವರಿಗೆ ಎಲ್ಲೋ ಕಿರುಗುಟ್ಟಿದ ಹಾಗೆ. ಆದ್ದರಿಂದ ಅಂಥ ಹೂಟರುಗಳನ್ನೆಲ್ಲ ತೆಗೆದು, 500ರಿಂದ 1000 ಹರ್ಟ್ಜ್ ನಡುವೆ ಕೂಗುವ, ದಪ್ಪ ದನಿಯ ಸೈರನ್ ಹಾಕುತ್ತೇವೆ. ಕೂಗುವ ಕ್ರಮವೂ ಎಲ್ಲ ಶೆಡ್ಡಿನಲ್ಲೂ ಒಂದೇ ಇರುತ್ತದೆ: ಅರ್ಧ ಸೆಕೆಂಡಿನ ಮೂರು ಕೂಗು, ನಡುವೆ ಅರ್ಧರ್ಧ ಸೆಕೆಂಡ್ ಬಿಡುವು, ಮೂರನೆಯದಾದ ಮೇಲೆ ಒಂದೂವರೆ ಸೆಕೆಂಡ್ ಮೌನ, ಮತ್ತೆ ಮೂರು. ‘ಹೊರಗೆ ಹೋಗಿ’ ಎನ್ನುವುದಕ್ಕೆ ಹೊರದೇಶಗಳಲ್ಲೂ ಬಳಕೆಯಲ್ಲಿರುವ ಕ್ರಮ ಇದು. ಇಂದು ನಿಮ್ಮಲ್ಲಿ, ನಾಳೆ ಪಕ್ಕದ ಬೀದಿಯಲ್ಲಿ ಕೆಲಸ ಮಾಡುವ ನೇಕಾರರಿಗೆ ಎರಡು ಕಡೆಯೂ ಒಂದೇ ಕೂಗು ಕೇಳಬೇಕು.

ಈಗ ಮುಖ್ಯ ಬದಲಾವಣೆ. ಸೈರನ್ನಿನ ಸದ್ದು ಹೆಚ್ಚಿಸುವ ಬದಲು ಮಗ್ಗದ ಸದ್ದು ನಿಲ್ಲಿಸುತ್ತೇವೆ. ಕೆಂಪು ಡಬ್ಬಿಯ ಗಾಜು ಒಡೆದ ಕೂಡಲೇ ಪ್ಯಾನೆಲ್ಲಿನ (ಸೈರನ್ ನಡೆಸುವ ಪೆಟ್ಟಿಗೆಯ) ರಿಲೇ ಎಂಬ ಸಣ್ಣ ಸ್ವಿಚ್ಚು ಮಗ್ಗದ ಲೈನಿನ ಕಾಂಟ್ಯಾಕ್ಟರನ್ನು, ಅಂದರೆ ಕರೆಂಟಿನ ದೊಡ್ಡ ಸ್ವಿಚ್ಚನ್ನು, ಬಿಡಿಸುತ್ತದೆ, ಮಗ್ಗಗಳು ನಿಲ್ಲುತ್ತವೆ. ಗದ್ದಲ ಇಳಿದಾಗ 86 ಡೆಸಿಬೆಲ್ಲೂ ಚೆನ್ನಾಗಿ ಕೇಳುತ್ತದೆ. ಜೊತೆಗೆ ಪ್ರತಿ ಎರಡು ಸಾಲಿಗೆ ಒಂದು ಮಿನುಗುವ ಕೆಂಪು ದೀಪ. ಪ್ಲಗ್ ಹಾಕಿದವರಿಗೆ, ಕಿವಿ ಮಂದವಾದವರಿಗೆ ಅದೇ ಸೈರನ್. ದೀಪದ ಲೈನು, ನೀರಿನ ಪಂಪಿನ ಲೈನು ಮಾತ್ರ ಈ ಕಾಂಟ್ಯಾಕ್ಟರಿನಿಂದ ಹೊರಗಿರಬೇಕು. ಕತ್ತಲಲ್ಲಿ ಜನರನ್ನು ಓಡಿಸಬಾರದು, ಬೆಂಕಿಗೆ ನೀರು ಬೇಕಾದಾಗ ಪಂಪು ಸತ್ತಿರಬಾರದು. ಹಳೆಯ ಶೆಡ್ಡುಗಳಲ್ಲಿ ಇವೆಲ್ಲ ಒಂದೇ ಬೋರ್ಡಿಗೆ ಸಿಕ್ಕಿಕೊಂಡಿವೆ. ಅಲ್ಲಿ ಮೊದಲು ವೈರಿಂಗ್ ಬೇರ್ಪಡಿಸಿ, ಆಮೇಲೆ ಈ ಕೆಲಸ.

ಮಗ್ಗ ಏಕಾಏಕಿ ನಿಂತರೆ ಹಾಸಿನ ಎಳೆ ಹೋಗುತ್ತದೆ, ಸೀರೆಯಲ್ಲಿ ಪಟ್ಟಿ ಬೀಳುತ್ತದೆ ಎಂಬ ಆತಂಕ ನ್ಯಾಯವಾದದ್ದು. ನಿಜವಾದ ಬೆಂಕಿಯ ದಿನ ಅದು ಲೆಕ್ಕಕ್ಕೆ ಬರುವುದಿಲ್ಲ. ಪರೀಕ್ಷೆಯ ದಿನ ಹಾಗಾಗದಂತೆ ಎರಡು ಹಂತದಲ್ಲಿ ಮಾಡುತ್ತೇವೆ. ಮೊದಲು ಮಗ್ಗ ಓಡುತ್ತಿರುವಾಗ, ಅದು ನಿಲ್ಲದಂತೆ ರಿಲೇಯ ಸಂಪರ್ಕ ತೆಗೆದಿಟ್ಟು ಎರಡು ನಿಮಿಷ ಸೈರನ್ ಕೂಗಿಸಿ, ಪ್ರತಿ ಸಾಲಿನಲ್ಲಿ ಅಳೆಯುತ್ತೇವೆ. ಆಮೇಲೆ ನೇಕಾರರು ತಾವೇ ಹಿಡಿಕೆ ಎಳೆದು ಮಗ್ಗ ನಿಲ್ಲಿಸಿಕೊಂಡ ಮೇಲೆ, ಕಾಂಟ್ಯಾಕ್ಟರ್ ಬಿಡುತ್ತದೆಯೇ ಎಂದು ನೋಡುತ್ತೇವೆ. ಕರೆಂಟು ಹೋಗಿ ಬಂದಾಗ ಆಗುವುದಕ್ಕಿಂತ ಕಡಿಮೆ ತೊಂದರೆ.

ಬ್ಯಾಟರಿ, ವೈರುಗಳ ವಿಷಯ ಚಿಕ್ಕದಾಗಿ. ಪ್ಯಾನೆಲ್ಲಿನೊಳಗಿನ 12 ವೋಲ್ಟಿನ ಎರಡು ಬ್ಯಾಟರಿಗಳು ತಗಡಿನ ಮಾಡಿನ ಕೆಳಗಿನ ಬಿಸಿಗೆ ಬೇಗ ಸಾಯುತ್ತವೆ. ಮೀಟರಿಟ್ಟರೆ ವೋಲ್ಟೇಜು ಪೂರ್ತಿ ತೋರಿಸುತ್ತವೆ, ಹೊರೆ ಬಿದ್ದ ಕೂಡಲೇ ಕುಸಿಯುತ್ತವೆ. ಹಾಗಾಗಿ ಇನ್ನು ಮೇಲೆ ಪ್ಯಾನೆಲ್ಲಿನ ಮೈನ್ ಕರೆಂಟು ತೆಗೆದು, ಸೈರನ್ ಎಳೆಯುವಷ್ಟೇ ಕರೆಂಟಿನ ಡಮ್ಮಿ ಲೋಡು ಕೊಟ್ಟು ಅರ್ಧ ಗಂಟೆ ನೋಡುತ್ತೇವೆ. ಇದಕ್ಕೆ ಮಗ್ಗ ನಿಲ್ಲಿಸಬೇಕಾಗಿಲ್ಲ. ಕೂರಿಸಿದ ತಾರೀಕನ್ನು ಬ್ಯಾಟರಿಯ ಮೇಲೆ ಬಣ್ಣದಲ್ಲಿ ಬರೆದಿಡುತ್ತೇವೆ. ವೈರು ತೆಳುವಾಗಿದ್ದರೂ ಸೈರನ್ ಸೊರಗುತ್ತದೆ: 1 ಚದರ ಮಿಲಿಮೀಟರಿನ ವೈರಿನಲ್ಲಿ 100 ಮೀಟರ್ ಆಚೆಗೆ 1 ಆಂಪಿಯರ್ ಕಳಿಸಿದರೆ ದಾರಿಯಲ್ಲೇ ಸುಮಾರು 3.6 ವೋಲ್ಟ್ ಕಳೆದುಹೋಗುತ್ತದೆ, 2.5ರ ವೈರಿನಲ್ಲಿ ಒಂದೂವರೆ. ಉದ್ದದ ಶೆಡ್ಡುಗಳಲ್ಲಿ ವೈರು ಬದಲಿಸಲು ಹೇಳಿದರೆ ದಯವಿಟ್ಟು ಬೇಡ ಎನ್ನಬೇಡಿ. ನಮ್ಮನ್ನು ಕೇಳದೆ ನಡುವೆ ಎಲ್ಲಿಂದಲೋ ಕವಲು ತೆಗೆದು ಇನ್ನೊಂದು ಹೂಟರ್ ಸೇರಿಸಲೂ ಬೇಡಿ. ಆ ಕವಲು ಕಡಿದುಹೋದರೆ ಪ್ಯಾನೆಲ್ಲಿಗೆ ಗೊತ್ತಾಗುವುದಿಲ್ಲ.

ನಿಮ್ಮಿಂದ ಬೇಕಾದದ್ದು ಇಷ್ಟು. ವಾರಕ್ಕೊಮ್ಮೆ, ಗೊತ್ತುಮಾಡಿದ ದಿನ, ಗೊತ್ತುಮಾಡಿದ ಹೊತ್ತಿಗೆ ಒಂದು ಕೆಂಪು ಡಬ್ಬಿಯಿಂದ ಸೈರನ್ ಕೂಗಿಸಿ, ಅರ್ಧ ನಿಮಿಷ ಸಾಕು. ಗಾಜು ಒಡೆಯಬೇಕಿಲ್ಲ, ಅದಕ್ಕೊಂದು ಕೀಲಿ ಕೊಡುತ್ತೇವೆ. ಮಗ್ಗ ನಿಲ್ಲದಂತೆ ಪ್ಯಾನೆಲ್ಲಿನಲ್ಲಿ ಪರೀಕ್ಷೆಯ ಸ್ವಿಚ್ ಇರುತ್ತದೆ. ಪರೀಕ್ಷೆ ಮುಗಿದ ಕೂಡಲೇ ಅದನ್ನು ಹಿಂದಕ್ಕೆ ತಿರುಗಿಸಿ, ಮರೆತರೆ ಪ್ಯಾನೆಲ್ಲು ಕೀ ಕೀ ಎಂದು ನೆನಪಿಸುತ್ತದೆ. ಪ್ರತಿ ವಾರ ಬೇರೆ ಡಬ್ಬಿ. ರಾತ್ರಿ ಪಾಳಿ ಇರುವವರು ತಿಂಗಳಿಗೊಮ್ಮೆ ರಾತ್ರಿಯೂ ಕೂಗಿಸಿ. ಒಂದು ಕಡೆ ರಾತ್ರಿ ಪಾಳಿಯವರು ವರ್ಷಗಟ್ಟಲೆ ಆ ಸದ್ದನ್ನೇ ಕೇಳಿರಲಿಲ್ಲ. ಕೂಗಿಸಿದಾಗ ಕೊನೆಯ ಸಾಲಿನವರನ್ನು ಕೇಳಿಸಿತೇ ಎಂದು ಕೇಳಿ, ಅವರು ಹೇಳಿದ್ದನ್ನೇ ರಿಜಿಸ್ಟರಿನಲ್ಲಿ ಬರೆಯಿರಿ. ಊಟದ ಹೊತ್ತಿಗೆ, ಪಾಳಿ ಬಿಡುವುದಕ್ಕೆ ಇದೇ ಸೈರನ್ ಬಳಸಬೇಡಿ. ದಿನಕ್ಕೆ ಮೂರು ಸಲ ಊಟಕ್ಕೆ ಕರೆದ ಸದ್ದು ಬೆಂಕಿಗೆ ಕರೆದಾಗ ಯಾರ ಕಾಲೂ ಏಳುವುದಿಲ್ಲ. ಅದಕ್ಕೆ ಬೇರೆ ಗಂಟೆ ಹಾಕಿಕೊಡುತ್ತೇವೆ.

ಕೆಲವು ಕಡೆ ಸೈರನ್ನಿನ ಬಾಯಿಗೆ ಬಟ್ಟೆ ತುರುಕಿದ್ದನ್ನು ನೋಡಿದ್ದೇವೆ. ಬೈಯಲು ಇದನ್ನು ಬರೆಯುತ್ತಿಲ್ಲ. ಸುಮ್ಮಸುಮ್ಮನೆ ಕೂಗಿ ಕೂಗಿ ಕಾಡಿದ್ದಕ್ಕೆ ತುರುಕಿದ್ದೀರಿ, ಹಾಗೆ ಕಾಡಿದ್ದು ನೂಲಿನ ಧೂಳು ಹಾರುವ ಜಾಗದಲ್ಲಿ ನಾವು ಹಾಕಿದ ಹೊಗೆ ಸೆನ್ಸರ್. ಅಲ್ಲಿ ಬಿಸಿಗೆ ಎಚ್ಚರಾಗುವ ಸೆನ್ಸರ್ ಹಾಕಬೇಕಿತ್ತು. ಬದಲಿಸಿಕೊಡುತ್ತೇವೆ, ದುಡ್ಡು ಬೇಡ. ಆಯುಧಪೂಜೆಗೆ ಪ್ಯಾನೆಲ್ಲಿಗೆ ಹೂವು, ಕುಂಕುಮ ಇಡುವವರು ಬಹಳ. ನಮಗೂ ಸಂತೋಷವೇ. ಮಾರನೆ ದಿನ ಹಾರ ತೆಗೆದು, ಕೆಂಪು ಡಬ್ಬಿಯ ಗಾಜು ಒರೆಸಿಬಿಡಿ.

ಖರ್ಚಿನ ಮಾತು. ವರ್ಷಕ್ಕೆ ಎರಡಿದ್ದ ಭೇಟಿ ನಾಲ್ಕಾಗುತ್ತದೆ, ಒಬ್ಬರ ಬದಲು ಇಬ್ಬರು ಬರುತ್ತೇವೆ, ಒಬ್ಬರು ಪ್ಯಾನೆಲ್ಲಿನ ಬಳಿ, ಇನ್ನೊಬ್ಬರು ಮೀಟರು ಹಿಡಿದು ಸಾಲುಗಳ ನಡುವೆ. ಈಗಿನ ಒಪ್ಪಂದ ಮುಗಿಯುವ ತನಕ ಒಂದು ರೂಪಾಯಿಯೂ ಹೆಚ್ಚಿಲ್ಲ. ನವೀಕರಿಸುವಾಗ ವರ್ಷಕ್ಕೆ 1,800 ರೂಪಾಯಿ ಹೆಚ್ಚಾಗುತ್ತದೆ. ಕಾಂಟ್ಯಾಕ್ಟರ್, ಮಿನುಗುವ ದೀಪ, ಹೊಸ ವೈರಿನ ಖರ್ಚು ಶೆಡ್ಡಿನಿಂದ ಶೆಡ್ಡಿಗೆ ಬೇರೆ. ಅಳೆದ ಮೇಲೆ ಬರೆದುಕೊಡುತ್ತೇವೆ, ಮೂರು ಕಂತಿನಲ್ಲಿ ಕೊಡಬಹುದು. ಮನೆಯಲ್ಲೇ ಎರಡು, ನಾಲ್ಕು ಮಗ್ಗ ಇಟ್ಟುಕೊಂಡವರಿಗೆ ಇದ್ಯಾವುದೂ ಬೇಕಾಗಿಲ್ಲದಿರಬಹುದು. ಮೊದಲ ಅಳತೆ ಅವರಿಗೆ ಪುಕ್ಕಟೆ.

ಈ ಪತ್ರದ ಜೊತೆ ಒಂದು ಚೀಟಿ ಇದೆ. ಯಾವ ದಿನ, ಯಾವ ಹೊತ್ತು ಅನುಕೂಲ ಎಂದು ಬರೆದು ನಮ್ಮ ಅಂಗಡಿಗೆ ಕಳಿಸಿ, ಇಲ್ಲವೇ ಬಿಲ್ಲು ಕಟ್ಟಲು ಬಂದಾಗ ಹೇಳಿ. ಎಲ್ಲ ಮಗ್ಗಗಳೂ ಓಡುವ ಹೊತ್ತನ್ನೇ ಆರಿಸಿ. ಅರ್ಧ ಮಗ್ಗ ನಿಂತಿರುವ ಹೊತ್ತಿಗೆ ಕರೆದರೆ ಮತ್ತೊಮ್ಮೆ ಬರಬೇಕಾಗುತ್ತದೆ. ಅಂದು ನೇಕಾರರಿಗೆ, ಕಂಡಿಕೆ ಸುತ್ತುವವರಿಗೆ ಮೊದಲೇ ತಿಳಿಸಿರಿ. ಆ ಶೆಡ್ಡಿಗೆ ಮೀಟರು ಹಿಡಿದು ಮತ್ತೆ ಹೋದಾಗ ಬೆನ್ನು ತಟ್ಟಿ ಎಲ್ಲರನ್ನೂ ಹೊರಗೆ ಕಳಿಸಿದ ಹುಡುಗಿಯೇ ನಮ್ಮ ಜೊತೆ ಸಾಲು ಸಾಲು ತಿರುಗಿ, ಎಲ್ಲೆಲ್ಲಿ ಯಾರಿಗೆ ಕೇಳುವುದಿಲ್ಲ ಎಂದು ತೋರಿಸಿದಳು. ನಿಮ್ಮಲ್ಲೂ ಅಂಥ ಒಬ್ಬರನ್ನು ನಮ್ಮ ಜೊತೆ ಕಳಿಸಿಕೊಡಿ.

ಇತಿ ನಿಮ್ಮ ವಿಶ್ವಾಸಿಗಳು,
ಸೈರನ್ ಅಳವಡಿಕೆ ಮತ್ತು ನಿರ್ವಹಣೆ ವಿಭಾಗ