ತೂಕ ಹಾಕೋಕೆ ನೀನೇ ಬಾ

ಮಗಳೇ,

ನೀನು ಕಳಿಸಿದ ವಿಡಿಯೊ ನೋಡಿದೆ. ಎದೆಮಟ್ಟದ ತೊಗರಿ ನಡುವೆ ನಿಂತ ರೈತ, ಈ ಪುಡಿ ಹಾಕಿದ ಮೇಲೆ ಗಿಡ ಒಣಗಿಸೋ ನೆಟೆ ರೋಗ ಹತ್ತಿರ ಸುಳಿದಿಲ್ಲ ಅಂತಾನೆ. 'ಅವ್ವಾ, ನಾವೂ ಹಾಕೋಣವಾ?' ಅಂತ ಕೇಳಿದ್ದೀಯ. ಕಲಬುರಗಿ ಹಾಸ್ಟೆಲ್‌ನಲ್ಲಿ ಕೂತು ಹೊಲದ ಚಿಂತೆ ಮಾಡ್ತೀಯಲ್ಲ, ಅದಕ್ಕೆ ಖುಷಿ.

ಅಂಥದೇ ಒಂದು ಪುಡಿ ನಾನು ಹಾಕಿ ನೋಡಿದ್ದೇನೆ. ನೀನಾಗ ಎಂಟನೇ ಕ್ಲಾಸು. ಅಂಗಡಿಯವನ ಮಾತು ನಂಬಿ ಮೇಲಿನ ಎರಡು ಎಕರೆಗೆ ಹಾಕಿದೆ. ಕೆಳಗಿನ ಹೊಲ ಅರ್ಧಕ್ಕರ್ಧ ಒಣಗಿತು, ಮೇಲಿನದು ಹಸಿರಾಗಿ ನಿಂತಿತು. ಊರೆಲ್ಲ ಹೇಳಿಕೊಂಡು ಬಂದೆ. ನಾಲ್ಕು ಮನೆಯವರು ಅದನ್ನೇ ತಂದು ಹಾಕಿದರು. ಮರುವರ್ಷ ಅವರ ಗಿಡಗಳು ಒಣಗಿದವು. ಒಬ್ಬಾಕೆ ಗಿಡವನ್ನು ಬೇರುಸಮೇತ ಕಿತ್ತು ತಂದು ನಮ್ಮ ಕಟ್ಟೆ ಮೇಲೆ ಇಟ್ಟು ಹೋದಳು. ಒಂದು ಮಾತೂ ಆಡಲಿಲ್ಲ. ಕಾಂಡ ಸೀಳಿದೆ, ಒಳಗೆ ಕಪ್ಪು ಗೆರೆ.

ಆಮೇಲೆ ತಲೆಗೆ ಬಂತು. ಮೇಲಿನ ಹೊಲದಲ್ಲಿ ಹಿಂದಿನ ವರ್ಷ ಜೋಳ ಇತ್ತು. ಕೆಳಗೆ ವರ್ಷಾವರ್ಷ ತೊಗರಿಯೇ. ನೆಟೆ ರೋಗದ ಶಿಲೀಂಧ್ರ ಮಣ್ಣಲ್ಲೇ ವರ್ಷಗಟ್ಟಲೆ ಉಳಿಯುತ್ತೆ, ತೊಗರಿ ಮೇಲೆ ತೊಗರಿ ಬಿತ್ತಿದರೆ ಹೆಚ್ಚುತ್ತೆ. ಅದೂ ಹೋಗಲಿ, ಮೇಲೆ ಬಿತ್ತಿದ್ದು ಟಿಎಸ್-3ಆರ್, ನೆಟೆ ತಡೆದುಕೊಳ್ಳುವ ತಳಿ! ಕೆಲಸ ಮಾಡಿದ್ದು ಬೀಜವೋ ಜೋಳವೋ, ಹೆಸರು ಮಾತ್ರ ಪುಡಿಗೆ.

ವಿಡಿಯೊದವನು ಸುಳ್ಳು ಹೇಳ್ತಿದ್ದಾನೆ ಅಂತಲ್ಲ. ನಾನೂ ಸುಳ್ಳು ಹೇಳಿರಲಿಲ್ಲ. ಆದರೆ ಪುಡಿ ಹಾಕಿಯೂ ಬೆಳೆ ಕಳಕೊಂಡವರ ಹೊಲಕ್ಕೆ ಕ್ಯಾಮೆರಾ ಹಿಡಿದು ಯಾರು ಹೋಗ್ತಾರೆ?

ಬೆಳೆ ವಿಮೆಗೆ ಇಳುವರಿ ಅಳೆಯೋ ಕಟಾವು ಪ್ರಯೋಗ ಮಾಡೋಕೆ ಅಧಿಕಾರಿಗಳು ನಮ್ಮ ಹೊಲಕ್ಕೆ ಬಂದಿದ್ದು ನೆನಪಿದೆಯಾ? ನಿಮ್ಮಪ್ಪ 'ಈ ಕಡೆ ಬರ್ರೀ ಸಾಹೇಬ್ರೇ' ಅಂತ ಒಣಗಿದ ಮೂಲೆ ತೋರಿಸ್ತಿದ್ದರು. ಬಂದವರು ಕಿವಿಗೆ ಹಾಕಿಕೊಳ್ಳಲಿಲ್ಲ. ನೈಋತ್ಯ ಮೂಲೆಯಿಂದ ಲಾಟರಿ ಎತ್ತಿದ ಹಾಗೆ ಆಯ್ದು ಚೀಟಿಯಲ್ಲಿ ಬರೆದಿದ್ದಷ್ಟು ಹೆಜ್ಜೆ ಎಣಿಸಿ, ಹಗ್ಗ ಹಿಡಿದು, ಅಲ್ಲಿದ್ದದ್ದನ್ನೇ ಕೊಯ್ದು ತೂಗಿದರು. ಆವತ್ತು ನನಗೂ ಸಿಟ್ಟು ಬಂದಿತ್ತು. ನಿನ್ನ ಸ್ಟಾಟಿಸ್ಟಿಕ್ಸ್ ಪುಸ್ತಕದ ಮಹಲನೋಬಿಸ್ 1930ರ ದಶಕದಲ್ಲೇ ಬಂಗಾಳದ ಸೆಣಬನ್ನು ಹೀಗೆ ಅಲ್ಲಲ್ಲಿ ಆಯ್ದು ಅಳೆಸಿದ್ದರಂತಲ್ಲ. ಪರೀಕ್ಷೆಗೆ ಅದನ್ನೆಲ್ಲ ಬರೀತೀಯ, ಫಾರ್ವರ್ಡ್ ಒತ್ತುವಾಗ ಮರೀತೀಯ!

ಈಗ ಗುಟ್ಟು ಹೇಳ್ತೀನಿ. ಈ ಸಲ ಕೆಳಗಿನ ಹೊಲವನ್ನು ಎಂಟು ಪಟ್ಟಿ ಮಾಡಿದ್ದೇನೆ. ಒಂದೇ ಬೀಜ, ಒಂದೇ ದಿನ ಬಿತ್ತನೆ. ಚೀಟಿ ಎತ್ತಿ ನಾಲ್ಕಕ್ಕೆ ಮಾತ್ರ ಪುಡಿ ಹಾಕಿದ್ದೇನೆ. ನಿಮ್ಮಪ್ಪ ನಗ್ತಿದ್ದಾರೆ, ನಗಲಿ.

ಜನವರಿ ರಾಶಿಗೆ ರಜೆ ಹಾಕಿ ಜೇವರ್ಗಿ ಬಸ್ಸು ಹತ್ತು. ತೂಕ ಹಾಕುವವಳು ನೀನು. ಪುಡಿ ಬಿದ್ದ ಪಟ್ಟಿ ಯಾವುದು ಅಂತ ನನ್ನನ್ನು ಕೇಳಬೇಡ. ಎಂಟೂ ತೂಗಿ ಬರೆದಿಟ್ಟ ಮೇಲೆ ಚೀಟಿ ಡಬ್ಬಿ ನಿನ್ನ ಕೈಗೆ ಕೊಡ್ತೀನಿ.

ನಿನ್ನ ಅವ್ವ